ಶೂಲಗಿರಿಯಲ್ಲಿ ನಿಲ್ಲುವ ವ್ಯಾನು

ವ್ಯಾನು ಮೂರನೆಯ ಸಲವೂ ಶೂಲಗಿರಿ ಬೆಟ್ಟ ಎದುರಿಗೆ ಬರುವ ಹೊತ್ತಿಗೆ ಸರಿಯಾಗಿ ನಿಂತುಹೋಯಿತೆಂದು ಲಕ್ಷ್ಮಣಪ್ಪ ಮನೆಗೆ ಬಂದು ಹೇಳಿದಾಗ ಅವನ ತಾಯಿ ಪಿಳ್ಳಮ್ಮ ಮಗನ ಮುಖ ನೋಡಲಿಲ್ಲ. ಮೊರದ ಅವರೆಕಾಯಿಯಿಂದ ಕಣ್ಣೆತ್ತಿ ಸೊಸೆಯ ಮುಖ ನೋಡಿದಳು.

ಗಂಗರತ್ನಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅತ್ತೆ ಅದನ್ನೇ ಉತ್ತರವೆಂದು ತೆಗೆದುಕೊಳ್ಳುತ್ತಾಳೆ. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಅಷ್ಟಾದರೂ ಅವಳಿಗೆ ತಿಳಿದಿತ್ತು.

"ದಾಸಪ್ಪ ಏನಂತಾನ್ಲಾ?" ಪಿಳ್ಳಮ್ಮ ಕೇಳಿದಳು.

"ಇವತ್ತು ಕಾಯಿಲ್ ಬಿಸಿಯಾಯ್ತದೆ ಅಂತಾನೆ. ಹೋದ ಸಾರಿ ಪ್ಲಗ್ ಅಂದಿದ್ದ. ಅದರ ಹಿಂದಿನ ಸಾರಿ ಕಾರ್ಬುರೇಟರಾಗೆ ಕಸ ಅಂದಿದ್ದ. ಅರ್ಧ ಗಂಟೆ ಸುಮ್ನೆ ಬಿಟ್ರೆ ಸ್ಟಾರ್ಟಾಯ್ತದೆ ಕಣಮ್ಮ. ಏನೂ ಆಗೇ ಇಲ್ಲ ಅನ್ನಂಗೆ ಮನೆಗಂಟ ಬತ್ತದೆ."

"ಆಗಿರಾದು ಆಗೈತೆ. ಎಂಕಟ್ರಮಣಸ್ವಾಮಿ ಹತ್ರ ಹೋಗಾ ಗಾಡಿಗೆ ಮೈಲಿಗೆ ತಗುಲಿದ್ರೆ ದಾಸಪ್ಪನ ಪಾನಾಗೆ ಏನು ಗೊತ್ತಾಯ್ತದೆ?"

ಲಕ್ಷ್ಮಣಪ್ಪ ಕೈ ತೊಳೆಯಲು ಹಿತ್ತಿಲಿಗೆ ಹೋದ. ಗಂಗರತ್ನಮ್ಮ ಮುದ್ದೆಯನ್ನು ಹಲಗೆಗೆ ಸುರಿದಳು. ಅಂಗೈ ಸುಟ್ಟಿತು. ಎಂದಿಗಿಂತ ಹೆಚ್ಚು ಸುಟ್ಟಂತೆ ಅನ್ನಿಸಿತು.

ಆ ವ್ಯಾನು ಮೊದಲು ಕಣ್ಣಿನ ಡಾಕ್ಟರೊಬ್ಬರದು. ಗಂಡ ಹೆಂಡತಿ ಇಬ್ಬರೂ ಬೇರೆ ದೇಶದವರು. ಕೃಷ್ಣಗಿರಿ ಸುತ್ತಿನ ಹಳ್ಳಿಗಳಲ್ಲಿ ಪೊರೆ ತೆಗೆಯುತ್ತಾ, ವ್ಯಾನಿನಲ್ಲೇ ಬೇಯಿಸಿಕೊಂಡು, ವ್ಯಾನಿನಲ್ಲೇ ಮಲಗುತ್ತಾ ಏಳೆಂಟು ವರ್ಷ ತಿರುಗಿದ್ದರಂತೆ. ಅವರು ಊರಿಗೆ ವಾಪಸ್ಸಾದ ಮೇಲೆ ಅದು ಕೃಷ್ಣಗಿರಿಯ ಒಂದು ಶೆಡ್ಡಿನಲ್ಲಿ ಬಿದ್ದುಕೊಂಡು, ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಲಕ್ಷ್ಮಣಪ್ಪ ಅದನ್ನು ಕೊಂಡು, ಹೋದ ಯುಗಾದಿಯ ಹೊತ್ತಿಗೆ ಒಂದು ಲಾರಿಯ ಹಿಂದೆ ಕಟ್ಟಿಸಿ ಹೊಸೂರು ಪಕ್ಕದ ಆಲಸನತ್ತಂನ ಮನೆ ಮುಂದಕ್ಕೆ ಎಳೆಸಿ ತಂದಾಗ ಊರವರು ನಕ್ಕಿದ್ದರು.

ಕೊಂಡದ್ದು ತಾಯಿಯ ಹರಕೆಗೆ. ಮಗನಿಗೆ ಫ್ಯಾಕ್ಟರಿ ಕೆಲಸ ಸಿಕ್ಕರೆ ತಿರುಪತಿಗೆ ಬಂದು ಮುಡಿ ಕೊಡುತ್ತೇನೆ, ಸ್ವಾಮಿಯ ಮುಖ ನೋಡುವ ತನಕ ದಾರಿಯಲ್ಲಿ ಪರರ ಒಲೆಯ ಅನ್ನ ಮುಟ್ಟುವುದಿಲ್ಲ ಎಂದು ಪಿಳ್ಳಮ್ಮ ಹೊತ್ತುಕೊಂಡಿದ್ದಳು. ಕೆಲಸವೇನೋ ಸಿಕ್ಕಿತು. ಆದರೆ ಅಷ್ಟರಲ್ಲಿ ಅವಳ ಮಂಡಿಗಳು ಹೋಗಿದ್ದವು. ಬಸ್ಸಿನ ಸೀಟಿನಲ್ಲಿ ಕಾಲು ಮಡಿಸಿ ಕೂರಲಾರಳು. ಬಸ್ಸಿನಲ್ಲಿ ಒಲೆ ಹಚ್ಚಲು ಯಾರು ಬಿಡುತ್ತಾರೆ? ಹಾಗಾಗಿ ಮಂಚವೂ ಒಲೆಯೂ ಇರುವ ಗಾಡಿ.

ವ್ಯಾನು ಬಂದ ಎರಡು ತಿಂಗಳಿಗೆ ಹಿತ್ತಿಲ ಕೊಟ್ಟಿಗೆಯನ್ನು ಕೆಡವಿ ಫ್ಯಾಕ್ಟರಿಯವರಿಗೆ ಬಾಡಿಗೆಗೆಂದು ಮೂರು ರೂಮು ಕಟ್ಟಿಸಿದರು. ಆಲಸನತ್ತಂನಲ್ಲಿ ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಆದರೆ ಆ ಕೊಟ್ಟಿಗೆಯ ಮೂಲೆಯಲ್ಲೇ ಗಂಗರತ್ನಮ್ಮ ಪ್ರತಿ ತಿಂಗಳು ಮೂರು ದಿನ ಹೊರಗೆ ಕೂರುತ್ತಿದ್ದದ್ದು. ಕೊಟ್ಟಿಗೆ ಹೋದ ಮೇಲೆ ಎಲ್ಲಿ ಕೂರುವುದು?

"ಆ ಸತ್ತ ವ್ಯಾನಾಗೆ ಕೂತ್ಕೊ," ಎಂದಿದ್ದಳು ಪಿಳ್ಳಮ್ಮ. "ಎಂಜಿನ್ನೇ ಇಲ್ದಿದ್ಮೇಲೆ ಅದು ಗಾಡಿನಾ? ತಗಡು."

ಹಾಗೆ ಏಳು ತಿಂಗಳು ಗಂಗರತ್ನಮ್ಮ ಆ ತಗಡಿನೊಳಗೆ ಕೂತಳು. ಮೊದಲ ಸಲ ಹತ್ತಿದಾಗ ಕೋಳಿಹಿಕ್ಕೆಯ ವಾಸನೆ ಹೋಗಿರಲಿಲ್ಲ. ಆದರೂ ಬಾಗಿಲೆಳೆದುಕೊಂಡಾಗ ಅವಳ ಕೈಗೆ ಒಂದು ಚಿಲಕ ಸಿಕ್ಕಿತು. ಒಳಗಿನ ಚಿಲಕ. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ತವರಿನಲ್ಲಿ ಎಂಟು ಜನ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದರು. ಇಲ್ಲಿ ಅತ್ತೆಯ ಮಂಚ ಹಾದು ಹೋಗದೆ ಯಾವ ಬಾಗಿಲೂ ಇರಲಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಅವಳೊಂದು ಬಾಗಿಲನ್ನು ತನಗಾಗಿ ಹಾಕಿಕೊಂಡಿದ್ದಳು. ಮಂಚದ ಮೇಲೆ ಕಾಲು ಚಾಚಿ ಮಲಗಿ ಸಣ್ಣ ಕಿಟಕಿಯಿಂದ ಹುಣಿಸೆಮರ ನೋಡಿದಳು. ಯಾರೂ ಕರೆಯಲಿಲ್ಲ. ಕರೆಯುವಂತಿರಲಿಲ್ಲ.

ಅದರ ರುಚಿ ಹತ್ತಿದ್ದೇ ತಪ್ಪಾಯಿತು. ಶ್ರಾವಣದಲ್ಲಿ, ಶನಿವಾರ ಶನಿವಾರ ಸ್ವಾಮಿಯ ಪೂಜೆ, ನಂಟರು, ನೂರು ಜನಕ್ಕೆ ಹಿಟ್ಟು ಬೀಸುವುದು, ಕಾಯಿ ತುರಿಯುವುದು ಎಂದು ಬೆನ್ನು ಬಿದ್ದುಹೋಗಿದ್ದಾಗ, ಮೂರನೆಯ ಶನಿವಾರದ ಬೆಳಿಗ್ಗೆ ಅವಳು ಬಚ್ಚಲಿನಿಂದ ಬಂದು "ಅತ್ತೆಮ್ಮ, ಹೊರಗಾದೆ" ಎಂದುಬಿಟ್ಟಳು. ಆಗಿರಲಿಲ್ಲ. ಪಿಳ್ಳಮ್ಮ ಬಾಗಿಲ ಹಿಂದಿನ ಗೋಡೆಯಲ್ಲಿದ್ದ ಇದ್ದಿಲ ಗೆರೆಗಳನ್ನು ನೋಡಿದಳು. ಸೊಸೆಯ ದಿನಗಳ ಲೆಕ್ಕ ಅಲ್ಲಿರುತ್ತಿತ್ತು. "ಹನ್ನೆರಡು ದಿನ ಮುಂಚೇನೇ?" ಎಂದಳು. ಮತ್ತೇನೂ ಅನ್ನದೆ ಹೊಸ ಗೆರೆ ಎಳೆದಳು. ಗಂಗರತ್ನಮ್ಮ ಮೂರು ದಿನ ವ್ಯಾನಿನಲ್ಲಿ ನಿದ್ದೆ ಮಾಡಿದಳು. ಆದರೆ ಆ ಇದ್ದಿಲ ಗೆರೆ ಮನಸ್ಸಿನಲ್ಲಿ ನಿಂತೇಬಿಟ್ಟಿತು.

ದೀಪಾವಳಿಯಾದ ಮೇಲೆ ದಾಸಪ್ಪ ಎಂಬ ಮೆಕ್ಯಾನಿಕ್ಕು ಬಂದು ಎಂಜಿನ್ನು ಕೂರಿಸಿದ. ಲಕ್ಷ್ಮಣಪ್ಪ ಭಾನುವಾರಗಳಂದು ಒಳಗಿನ ಕೆಲಸಕ್ಕಿಳಿದ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದು ಮಂಚವನ್ನು ತಾಯಿಯ ಮಂಡಿಗೆ ತಕ್ಕಂತೆ ತಗ್ಗಿಸಿದ. ಸೀಮೆಎಣ್ಣೆ ಸ್ಟೌ ಅಲ್ಲಾಡದಂತೆ ಬೋಲ್ಟು ಹಾಕಿ ಬಿಗಿದ. ನೀರಿನ ಡಬ್ಬಕ್ಕೆ ನಲ್ಲಿ ಕೂರಿಸಿ ಕೆಳಗೊಂದು ಬೋಗುಣಿ ಇಟ್ಟ. ಕಿಟಕಿಗೆ ತಂತಿ ಎಳೆದು ಪರದೆ ಕಟ್ಟಿದ. ಸಂಕ್ರಾಂತಿಯಾದ ಮೊದಲ ಶುಕ್ರವಾರ ಪಿಳ್ಳಮ್ಮ ಇಡೀ ವ್ಯಾನಿಗೆ ಗಂಜಳ ಚಿಮುಕಿಸಿ, ಅರಿಶಿನ ಕುಂಕುಮವಿಟ್ಟು, ಇನ್ನು ಇದು ಸ್ವಾಮಿಯ ಗಾಡಿ, ಇದರಲ್ಲಿ ಯಾರೂ ಹೊರಗಿನ ದಿನ ಕೂರಕೂಡದು ಎಂದಳು. ಅಂದಿನಿಂದ ಪ್ರತಿ ಶುಕ್ರವಾರ ಅದಕ್ಕೆ ಪೂಜೆ.

ಗಂಗರತ್ನಮ್ಮನಿಗೆ ಮನೆಗೂ ಬಾಡಿಗೆ ರೂಮುಗಳಿಗೂ ನಡುವಿನ ಸಂದು ಸಿಕ್ಕಿತು. ಶಿಫ್ಟು ಮುಗಿಸಿ ಬರುವವರು, ಹೋಗುವವರು, ಸೈಕಲ್ ತಳ್ಳಿಕೊಂಡು ಅವಳ ಚಾಪೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಅವಳು ಯಾಕೆ ಅಲ್ಲಿ ಕೂತಿದ್ದಾಳೆಂದು ಎಲ್ಲರಿಗೂ ಗೊತ್ತು. ಯಾರೂ ನೋಡದವರಂತೆ ಹೋಗುತ್ತಿದ್ದರು, ಆದರೆ ಎಲ್ಲರೂ ನೋಡಿರುತ್ತಿದ್ದರು.

ಆ ಮಾಘದ ಒಂದು ಬುಧವಾರ ಮಧ್ಯಾಹ್ನ ಪಿಳ್ಳಮ್ಮ ಸಂತೆಗೆ ಹೋಗಿದ್ದಾಗ, ಸಂದಿನಲ್ಲಿ ಎರಡನೆಯ ದಿನ ಕೂತಿದ್ದ ಗಂಗರತ್ನಮ್ಮ ಹೊಟ್ಟೆನೋವು ತಡೆಯಲಾರದೆ ಎದ್ದಳು. ಸುತ್ತ ನೋಡಿದಳು. ವ್ಯಾನು ಹತ್ತಿ ಚಿಲಕ ಹಾಕಿಕೊಂಡು ಒಂದು ಗಂಟೆ ಮಲಗಿದಳು. ಅದರ ಮುಂದಿನ ಭಾನುವಾರವೇ ವ್ಯಾನು ಪರೀಕ್ಷೆಗೆಂದು ಮೊದಲ ಸಲ ದೂರದ ದಾರಿಗೆ ಹೊರಟದ್ದು. ಮೊದಲ ಸಲ ಶೂಲಗಿರಿಯಲ್ಲಿ ನಿಂತದ್ದು.

ಯಾರಿಗೂ ಗೊತ್ತಿಲ್ಲವೆಂದು ಅವಳು ಅಂದುಕೊಂಡಿದ್ದಳು. ಮಾರನೆಯ ದಿನ ತಲೆ ಬಾಚಲು ಕೂತಾಗ ಬಾಚಣಿಗೆಯ ಡಬ್ಬಿಯಲ್ಲಿ ಅವಳ ಕಪ್ಪು ಹೇರ್‌ಪಿನ್ನು ಇತ್ತು. ಬುಧವಾರದಿಂದ ಕಾಣೆಯಾಗಿದ್ದದ್ದು. ಅದಕ್ಕೆ ಹತ್ತಿಕೊಂಡಿದ್ದ ಗ್ರೀಸನ್ನು ಸರಿಯಾಗಿ ಒರೆಸಿರಲಿಲ್ಲ. ವ್ಯಾನಿನ ಮಂಚದ ಕೆಳಗೆ ಪಾನಾ ಹುಡುಕುವಾಗ ಗಂಡನಿಗೇ ಸಿಕ್ಕಿರಬೇಕು. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಎದುರಿಗೆ ಕೂತು ಉಣ್ಣುವಾಗ, ಸಾರು ಬಡಿಸುವಾಗ, ಅವನ ಮೌನದೊಳಗೆ ಏನಿದೆಯೆಂದು ಅವಳು ತಡಕುತ್ತಲೇ ಇದ್ದಳು. ತಾಯಿಗೆ ಹೇಳಲು ಸಮಯ ನೋಡುತ್ತಿದ್ದಾನೋ? ಇಲ್ಲ, ತಾನಾಗಿ ಬಾಯಿಬಿಡಲಿ ಎಂದು ಕಾಯುತ್ತಿದ್ದಾನೋ?

ಆ ತಿಂಗಳು ಮನೆಯಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ.

"ಲಚ್ಮಣ, ನಾನು ಹೇಳಾದು ಕೇಳು," ಎಂದು ದಾಸಪ್ಪ ಜಗುಲಿಯ ಮೇಲೆ ಕಾಫಿ ಕುಡಿಯುತ್ತಾ ಹೇಳಿದ. "ನಿನ್ ಬಾಡಿಗೆಯೋರು ಟ್ಯೂಬ್ ಇಟ್ಟು ಪೆಟ್ರೋಲ್ ಎಳೀತಾರೆ. ಅದಕ್ಕೇ ನಿಲ್ಲಾದು."

"ನಾವು ಹೊರಡಾ ಮುಂಚೆ ಬಂಕಾಗೆ ಟ್ಯಾಂಕ್ ತುಂಬಿಸ್ಕೊಂಡೇ ಹೋಗ್ತೀವಲ್ಲ. ನಿನ್ ಕಣ್ಮುಂದೇನೇ ತುಂಬಿಸಿದ್ದು."

"ಹಂಗಾದ್ರೆ ಪಂಪು ಬಿಸಿಯಾಯ್ತದೆ. ಒದ್ದೆ ಬಟ್ಟೆ ಸುತ್ತಿ ನೋಡಾಣ."

"ಹೋದ ವಾರ ಸುತ್ತಿದ್ಯಲ್ಲ. ನಮ್ಮಮ್ಮನ ಹಳೇ ಸೀರೆ ಅರ್ಧ ಹೋಯ್ತು."

"ಸೆರಿ, ಹಂಗಾದ್ರೆ ನನ್ನೇ ಸುತ್ತು," ಎಂದ ದಾಸಪ್ಪ ನಗುತ್ತಾ. ಲಕ್ಷ್ಮಣಪ್ಪ ನಗಲಿಲ್ಲ. ದಾಸಪ್ಪ ಹೋದ ಮೇಲೆ ಹೆಂಡತಿಗೆ ಕೇಳಿಸುವಂತೆ, "ಇವ್ನು ಹಳೇ ಪಾರ್ಟ್ ಹಾಕಿ ಹೊಸದು ಅಂದಿರ್ಬೇಕು," ಎಂದು ಗೊಣಗಿದ.

ಪಿಳ್ಳಮ್ಮ ಮಾತ್ರ ಯಾವ ಪಾರ್ಟಿನ ಮೇಲೂ ಸಂಶಯಪಡಲಿಲ್ಲ. ವ್ಯಾನು ನಿಂತಷ್ಟೂ ಅವಳ ಶುಕ್ರವಾರದ ಪೂಜೆ ದಪ್ಪವಾಯಿತು. ಮಳೆಗೆ, ಬಿಸಿಲಿಗೆ ಹೋಗದಿರಲೆಂದು ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ, ಹೊಸಿಲಿಗೆ ಬಳಿಯುವ ಹಾಗೆ ಬಾಗಿಲಿಗೆ, ಚಕ್ರಗಳಿಗೆ, ಹಿಂದಿನ ಬದಿಯಲ್ಲಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಬಳಿದು ಮೇಲೆ ಕುಂಕುಮ ಒತ್ತುತ್ತಿದ್ದಳು. ಬಳಿಯುತ್ತಾ, ಕೊಡ ಹೊತ್ತು ಹೋಗುತ್ತಿದ್ದ ಸೊಸೆಗೆ ಕೇಳಿಸುವಂತೆ, "ಯಾರೇ ಬಂದು ಮುಟ್ಟಿರ್ಲಿ, ಯಾರೇ ಹತ್ತಿರ್ಲಿ, ನಿನ್ ದಾರಿ ಬಿಡಪ್ಪ," ಎನ್ನುತ್ತಿದ್ದಳು. ಬಿಂದಿಗೆ ಗಂಗರತ್ನಮ್ಮನ ಸೊಂಟದಲ್ಲಿ ಭಾರವಾಗುತ್ತಿತ್ತು.

ಅವಳಿಗೆ ಅತ್ತೆಯ ಮೇಲೆ ಕೋಪ ಬರುತ್ತಿರಲಿಲ್ಲ. ಬಂದಿದ್ದರೆ ಸುಲಭವಿತ್ತು. ಅತ್ತೆ ಹೇಳುತ್ತಿರುವುದು ನಿಜವೇ ಇರಬಹುದೆಂಬ ಹೆದರಿಕೆ ಅವಳದು. ಶ್ರಾವಣದ ಶನಿವಾರ ಸುಳ್ಳು ಹೇಳಿ ಪೂಜೆ ತಪ್ಪಿಸಿಕೊಂಡದ್ದು ಆ ಸ್ವಾಮಿಗೇ, ಮೈಲಿಗೆಯಲ್ಲಿ ಮಲಗಿದ್ದು ಆ ಸ್ವಾಮಿಯ ಗಾಡಿಯಲ್ಲೇ. ನಿಂತದ್ದರಲ್ಲಿ ಆಶ್ಚರ್ಯವೇನು? ಗೊತ್ತಾದರೆ ಸಂದಿನ ಚಾಪೆಯೇ ಅವಳ ಪಾಲಿಗೆ ಖಾಯಂ. ಅದಕ್ಕಿಂತ ಹೆಚ್ಚಾಗಿ, ಅಂದಿನಿಂದ ಈ ಮನೆಯಲ್ಲಿ ಹಾಲು ಒಡೆದರೂ, ಮಕ್ಕಳಿಗೆ ಜ್ವರ ಬಂದರೂ, ಎಲ್ಲರೂ ಮೊದಲು ತಿರುಗಿ ನೋಡುವುದು ಅವಳನ್ನೇ.

ಮಾಘ ಮುಗಿದು ಫಾಲ್ಗುಣ ಬಂದಿತು. ಹೋಗುವುದಾದರೆ ಈಗ, ಯುಗಾದಿಯಾದ ಮೇಲೆ ಬಿಸಿಲು ತಡೆಯುವುದಿಲ್ಲ ಎಂದು ಪಿಳ್ಳಮ್ಮ ಹಟ ಹಿಡಿದಳು. ಅರ್ಧ ಗಂಟೆ ನಿಂತರೆ ನಿಲ್ಲಲಿ, ಕಾದುಕೊಂಡೇ ಹೋಗೋಣ ಎಂದು ಲಕ್ಷ್ಮಣಪ್ಪನೂ ಒಪ್ಪಿದ. ಮಕ್ಕಳಿಬ್ಬರನ್ನು ಗಂಗರತ್ನಮ್ಮನ ತಂಗಿಯ ಮನೆಗೆ ಕಳಿಸಿ, ಶುಕ್ರವಾರ ದಪ್ಪಗೆ ಪೂಜೆ ಮಾಡಿ, ಶನಿವಾರ ಬೆಳಿಗ್ಗೆ ಮೂವರೂ ಹೊರಟರು. ಹತ್ತುವ ಮುಂಚೆ ಪಿಳ್ಳಮ್ಮ ಗೋಡೆಯ ಗೆರೆಗಳನ್ನು ಎರಡು ಸಲ ಎಣಿಸಿದಳು. ಹೊಸೂರಿನ ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಂಡರು.

ಶೂಲಗಿರಿ ಬೆಟ್ಟ ಕಂಡಿತು. ಎಂಜಿನ್ನು ಎರಡು ಸಲ ಬಿಕ್ಕಿತು, ಮೂರು ಸಲ ಕೆಮ್ಮಿತು, ವ್ಯಾನು ರಸ್ತೆಯ ಬದಿಯ ಹುಣಿಸೆಮರದ ಕೆಳಗೆ ಉರುಳಿ ನಿಂತಿತು.

ಲಕ್ಷ್ಮಣಪ್ಪ ಎರಡು ಸಲ ಕೀಲಿ ತಿರುವಿ ನೋಡಿದ. ಆಮೇಲೆ ಡಬ್ಬ ತೆಗೆದುಕೊಂಡು, "ಕೆರೇಲಿ ನೀರು ತತ್ತೀನಿ. ಪಂಪಿಗೆ ಹುಯ್ಯಾಣ," ಎಂದು ಇಳಿದು ಹೋದ.

ಅವನು ದೂರವಾಗುವುದನ್ನೇ ಕಾಯುತ್ತಿದ್ದವಳಂತೆ ಪಿಳ್ಳಮ್ಮ ಮೆಲ್ಲಗೆ ಇಳಿದಳು. ಪೂಜೆಯ ಚೀಲದಿಂದ ಕರ್ಪೂರದ ಬಿಲ್ಲೆ ತೆಗೆದು ರಸ್ತೆಬದಿಯ ಮೈಲಿಗಲ್ಲಿನ ಮೇಲಿಟ್ಟಳು.

"ಬಾ ಇಲ್ಲಿ," ಎಂದಳು. "ಹತ್ತಿಸ್ತೀನಿ. ಅದರ ಮ್ಯಾಲೆ ಕೈಯಿಟ್ಟು ಹೇಳು, ಸಂಕ್ರಾಂತಿ ಆದ್ಮೇಲೆ ನಿನ್ ದಿನದಾಗೆ ಈ ಗಾಡಿ ಹತ್ಲಿಲ್ಲ ಅಂತ. ಹೇಳ್ಬುಟ್ರೆ ಮುಗೀತು. ಇನ್ ಯಾವತ್ತೂ ಕೇಳಲ್ಲ."

ಅತ್ತೆಯ ಬೆರಳು ಬೆಂಕಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆಯಿತು. ಗಂಗರತ್ನಮ್ಮ ಆ ಬೆರಳನ್ನೇ ನೋಡಿದಳು. ಸುಳ್ಳು ಹೇಳಿಬಿಡಬಹುದಿತ್ತು. ಒಂದು ಹೇಳಿದ್ದಾಳೆ, ಇನ್ನೊಂದು. ಆದರೆ ಈ ಮುದುಕಿ ಹನ್ನೆರಡು ವರ್ಷದಿಂದ ಹೊತ್ತುಕೊಂಡಿರುವ ಹರಕೆ ತನ್ನಿಂದ ದಾರಿಯಲ್ಲೇ ಕೆಟ್ಟರೆ?

"ಕರ್ಪೂರ ಬ್ಯಾಡ ಅತ್ತೆಮ್ಮ," ಎಂದಳು. "ಹತ್ತಿದ್ದೆ. ಒಂದಿನ. ನೀವು ಸಂತೆಗೆ ಹೋಗಿದ್ರಿ."

ಪಿಳ್ಳಮ್ಮ ಬೆಂಕಿಪೆಟ್ಟಿಗೆಯನ್ನು ಕೆಳಗಿಳಿಸಿದಳು. ಬೈಯುತ್ತಾಳೆಂದು ಗಂಗರತ್ನಮ್ಮ ಕಾದಳು.

"ಎಷ್ಟೊತ್ತು?"

"ಒಂದು ಗಂಟೆ ಇರ್ಬೋದು. ಹೊಟ್ಟೆನೋವು ತಡೀನಾರ್ದೆ."

"ಬಾಗ್ಲು ಹಾಕ್ಕೊಂಡಿದ್ಯಾ?"

"ಹಾಕ್ಕೊಂಡಿದ್ದೆ."

ಆ ಕೊನೆಯ ಪ್ರಶ್ನೆ ಯಾಕೆ ಕೇಳಿದಳೆಂದು ಗಂಗರತ್ನಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಲಕ್ಷ್ಮಣಪ್ಪ ನೀರು ತಂದ. ಪಿಳ್ಳಮ್ಮ ಅವನಿಗೆ ಹೇಳಿದಳು: "ನಿನ್ನೆಂಡ್ತಿ ಇದ್ರಾಗೆ ಮಲಗಿದ್ಳಂತೆ ಕಣ್ಲಾ. ಮುಟ್ಟಿನಾಗೆ."

"ಗೊತ್ತಮ್ಮ," ಎಂದ ಅವನು ಎಂಜಿನ್ನಿನ ಮುಚ್ಚಳ ಎತ್ತುತ್ತಾ.

"ಗೊತ್ತಿದ್ದೂ ಸುಮ್ನಿದ್ಯಾ?"

"ಆ ಸಂದಿನಾಗೆ ಊರ್ ಜನವೆಲ್ಲ ಓಡಾಡ್ತಾರೆ. ಇನ್ನೆಲ್ಲಿ ಮಲಗ್ತಾಳೆ ಅವ್ಳು?" ಎಂದ. ಹೆಂಡತಿಯ ಕಡೆ ತಿರುಗಲಿಲ್ಲ. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಇಷ್ಟು ದಿನ ಆ ಮೌನದಲ್ಲಿ ತಾನು ಹುಡುಕಿದ್ದೆಲ್ಲ ಅಲ್ಲಿರಲೇ ಇಲ್ಲವೇನೋ ಎಂದು ಗಂಗರತ್ನಮ್ಮನಿಗೆ ಅನ್ನಿಸಿತು. ಹಾಗಾದರೆ ಇದನ್ನು ಒಂದು ಮಾತಿನಲ್ಲಿ ಮನೆಯಲ್ಲೇ ಹೇಳಬಾರದಿತ್ತೇ ಎಂದು ಕೋಪವೂ ಬಂತು.

ಪಂಪಿಗೆ ನೀರು ಹೊಯ್ದರೂ ವ್ಯಾನು ಸ್ಟಾರ್ಟಾಗಲಿಲ್ಲ. "ಬಂಕಾಗೇ ಮೋಸ ಮಾಡಿ ಕಮ್ಮಿ ಹಾಕಿದ್ರೋ ಏನೋ," ಎಂದು ಲಕ್ಷ್ಮಣಪ್ಪ ಒಂದು ಪೊರಕೆಕಡ್ಡಿ ಹಿಡಿದು ಹಿಂದಕ್ಕೆ ಹೋದ. ಟ್ಯಾಂಕಿನ ಮುಚ್ಚಳ ತಿರುವಿದ. ಕಡ್ಡಿ ಅದ್ದಿ ನೋಡಿದ. "ಭರ್ತಿ ಐತೆ," ಎಂದು ಮುಚ್ಚಿದ. ಬಂದು ಇನ್ನೊಂದು ಸಲ ಕೀಲಿ ತಿರುವಿದರೆ ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು.

"ನೋಡ್ದಾ," ಎಂದಳು ಪಿಳ್ಳಮ್ಮ. "ಇವ್ಳು ಬಾಯ್ಬಿಟ್ಳು, ಸ್ವಾಮಿ ದಾರಿ ಬಿಟ್ಟ."

ಅರ್ಧ ಗಂಟೆ ಆಗಿರಲೇ ಇಲ್ಲ. ಕಾಲು ಗಂಟೆಯೂ ಆಗಿರಲಿಲ್ಲ. ಗಂಗರತ್ನಮ್ಮನಿಗೆ ಮೈ ಜುಮ್ಮೆಂದಿತು. ಕೃಷ್ಣಗಿರಿ ಕೋಟೆಯ ಬೆಟ್ಟ ದಾಟಿ ಹೋಗುವ ತನಕ ವ್ಯಾನು ಹಾವಿನ ಹಾಗೆ ಸರಾಗವಾಗಿ ಓಡಿತು. ಪಿಳ್ಳಮ್ಮ ಮಂಚದ ಮೇಲೆ ಕಾಲು ಚಾಚಿ ಗೋವಿಂದನ ಹೆಸರು ಹೇಳುತ್ತಿದ್ದಳು. ಗಂಗರತ್ನಮ್ಮ ಸ್ಟೌ ಪಕ್ಕದಲ್ಲಿ ಕೂತು, ಇಷ್ಟಕ್ಕೇ ಮುಗಿಯಿತಲ್ಲ ಎಂದು ಮೊದಲ ಸಲ ಪೂರ್ತಿ ಉಸಿರು ಬಿಟ್ಟಳು.

ಬರಗೂರು ದಾಟುತ್ತಲೇ ಎಂಜಿನ್ನು ಬಿಕ್ಕಿತು. ಕೆಮ್ಮಿತು. ನಿಂತಿತು.

ಸ್ಟೌ ಮೇಲಿನ ಪಾತ್ರೆಯೊಂದು ಅಲ್ಲಾಡಿ ಸುಮ್ಮನಾಯಿತು.

"ಇನ್ನೇನೋ ಐತೆ," ಎಂದಳು ಪಿಳ್ಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಗಾಯದಲ್ಲಿ ಉಳಿದ ಮುಳ್ಳಿನ ಬಗ್ಗೆ ಹೇಳುವಂತಿತ್ತು. "ಪೂರಾ ಹೇಳ್ಲಿಲ್ಲ ನೀನು."

ಇತ್ತು. ಶ್ರಾವಣದ ಶನಿವಾರ ಇತ್ತು. ಅದು ಗಂಗರತ್ನಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ತಿರುಪತಿಗೆ ಇನ್ನೂ ನೂರು ಮೈಲಿಗೂ ಮೇಲಿತ್ತು. ಇದನ್ನೂ ಹೇಳಿ, ವಾಣಿಯಂಬಾಡಿಯಲ್ಲಿ ನಿಂತರೆ ಇನ್ನೊಂದು ಹೇಳಿ, ವೇಲೂರಿನಲ್ಲಿ ಮತ್ತೊಂದು ಹೇಳಿ, ನಿಂತ ನಿಂತಲ್ಲೆಲ್ಲ ಒಂದೊಂದನ್ನು ಬಿಚ್ಚಿಡುತ್ತಾ ಹೋದರೆ ಬೆಟ್ಟ ಹತ್ತುವ ಹೊತ್ತಿಗೆ ತನ್ನದು ಅಂತ ಏನು ಉಳಿದೀತು? ಸ್ವಾಮಿಗೆ ಅಷ್ಟೊಂದು ಬೇಕೇ?

ಹಾಗೆ ಯೋಚಿಸುತ್ತಿದ್ದಾಗಲೇ ಅವಳಿಗೆ ಆ ಸದ್ದು ನೆನಪಾಯಿತು.

ಅವಳ ತವರು ಡೆಂಕಣಿಕೋಟೆ ಕಡೆ. ರಾಗಿ ತೆನೆಗೆ ಬಂದಾಗ ಆನೆ ಕಾಯಲು ಅಪ್ಪ ಅಣ್ಣಂದಿರ ಜೊತೆ ಅಟ್ಟಣೆಯ ಮೇಲೆ ಕೂತು ಬೆಳೆದವಳು. ಅಷ್ಟು ದೊಡ್ಡ ಪ್ರಾಣಿ ಬರುವುದು ಒಂದು ಸಣ್ಣ ಸದ್ದಿನಿಂದಲೇ ತಿಳಿಯಬೇಕು. ಶೂಲಗಿರಿಯಲ್ಲಿ ಗಂಡ ಟ್ಯಾಂಕಿನ ಮುಚ್ಚಳ ತಿರುವಿದಾಗ ಒಂದು ಸದ್ದಾಗಿತ್ತು. ಉಸ್ಸ್ ಎಂದು, ಬಿಸಿ ಕುಡಿಯುವಾಗ ಜನ ತುಟಿಯಲ್ಲಿ ಎಳೆದುಕೊಳ್ಳುವಂತೆ. ಗಾಳಿ ಹೊರಗೆ ಬಂದದ್ದಲ್ಲ, ಒಳಗೆ ಹೋದದ್ದು.

ಅವಳು ಇಳಿದು ಮುಂದೆ ಹೋದಳು. ಲಕ್ಷ್ಮಣಪ್ಪ ಪ್ಲಗ್ಗು ಬಿಚ್ಚಲು ಕೂತಿದ್ದ.

"ಇಲ್ನೋಡಿ. ಆ ಹಿಂದಿನ ಮುಚ್ಚಳ ಇನ್ನೊಂದ್ಸಾರಿ ತೆಗೀರಿ."

"ಅಲ್ಲೇನೈತೆ? ಪೆಟ್ರೋಲ್ ಅರ್ಧ ಟ್ಯಾಂಕ್ ಇದ್ದೇ ಇರ್ತದೆ."

"ತೆಗೀರಿ ಒಂದ್ಸಾರಿ. ನೀವು ಸದ್ದು ಕೇಳ್ಲಿಲ್ಲ."

ಹೆಂಡತಿ ವ್ಯಾನಿನ ವಿಷಯ ಮಾತಾಡಿದ್ದೇ ಮೊದಲು. ಅವನು ಎದ್ದು ಬಂದು ಮುಚ್ಚಳ ತಿರುವಿದ. ಉಸ್ಸ್. ಈ ಸಲ ಇನ್ನೂ ಉದ್ದವಾಗಿ. ಅವನು ಹೆಂಡತಿಯ ಮುಖ ನೋಡಿದ.

"ಈಗ ಸ್ಟಾರ್ಟ್ ಮಾಡಿ," ಎಂದಳು ಗಂಗರತ್ನಮ್ಮ. ಎಂಜಿನ್ನು ಸ್ವಲ್ಪ ಕೊಸರಾಡಿ ಹೊತ್ತಿಕೊಂಡಿತು.

ಅವನು ಆಫ್ ಮಾಡಿ ವಾಪಸ್ಸು ಬಂದ. "ಇದೆಂಗೆ?"

"ಎಣ್ಣೆ ಡಬ್ಬ ಇರ್ತದಲ್ಲ, ಕಡ್ಲೆಕಾಯೆಣ್ಣೇದು. ಒಂದೇ ತೂತು ಹೊಡೆದ್ರೆ ಎಣ್ಣೆ ಬೀಳ್ತದಾ? ಎದ್ರಿಗೆ ಇನ್ನೊಂದು ತೂತು ಹೊಡೀಬೇಕು, ಗಾಳಿಗೆ. ಮದ್ವೆ ಆದ ವರ್ಷ ಒಂದೇ ತೂತು ಹೊಡೆದಿದ್ದಕ್ಕೆ ಅತ್ತೆಮ್ಮ ಎಷ್ಟು ಬೈದಿದ್ರು." ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿದಳು. "ಇದಕ್ಕೂ ಎಲ್ಲೋ ಒಂದು ತೂತು ಇರ್ಬೇಕು."

ಮುಚ್ಚಳದ ಮೇಲ್ಭಾಗದಲ್ಲಿ ಲೋಹ ಕಾಣುತ್ತಲೇ ಇರಲಿಲ್ಲ. ಎಂಟು ಶುಕ್ರವಾರದ ಅರಿಶಿನ, ಹರಳೆಣ್ಣೆ, ಕುಂಕುಮ ಪದರ ಪದರವಾಗಿ ಬಿಸಿಲಿಗೆ ಬೆಂದು ಗಟ್ಟಿಯಾಗಿ, ಹಳೆಯ ಹೊಸಿಲಿನ ಹಾಗೆ ಆಗಿತ್ತು. ಅವಳು ಉಗುರಿನಿಂದ ಕೆರೆದಳು. ತಾಳಿಯ ದಾರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ನಡುವೆ ತಡಕಿದಳು. ಒಂದು ಕಡೆ ಪಿನ್ನಿನ ಮೊನೆ ಕುಸಿಯಿತು. ತಿರುವಿ ತಿರುವಿ ಎಳೆದಾಗ ಹಳದಿ ಬತ್ತಿಯ ಹಾಗೆ ಒಂದಿಷ್ಟು ಹೊರಗೆ ಬಂತು. ಆಚೆಯಿಂದ ಬೆಳಕು ಕಂಡಿತು. ಸಾಸಿವೆಯಷ್ಟು.

ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು. ಪಿಳ್ಳಮ್ಮ ವ್ಯಾನಿನ ಬದಿ ಹಿಡಿದುಕೊಂಡು ಬಂದು ನಿಂತಿದ್ದಳು. ಅವಳ ಕಣ್ಣು ಪಿನ್ನಿನ ಮೊನೆಯ ಮೇಲಿತ್ತು. ಸೊಸೆಯ ಉಗುರಿನಲ್ಲಿ ಸೇರಿದ್ದ ಅರಿಶಿನದ ಮೇಲೆ. ಆಮೇಲೆ ತನ್ನದೇ ಹೆಬ್ಬೆರಳಿನ ಮೇಲೆ. ಅದು ನಿನ್ನೆಯ ಪೂಜೆಯಿಂದ ಇನ್ನೂ ಹಳದಿಯಾಗಿಯೇ ಇತ್ತು.

"ಏನದು, ತೂತು ಮುಚ್ಚಿರಾದು?" ಎಂದು ಲಕ್ಷ್ಮಣಪ್ಪ ಬಗ್ಗಿದ.

ಈಗ ಹೇಳಬಹುದಿತ್ತು. ಒಂದು ತಿಂಗಳಿಂದ ತಿರುಗಿ ತಿರುಗಿ ತನ್ನ ಮೇಲೆಯೇ ಬಂದು ನಿಲ್ಲುತ್ತಿದ್ದ ಕಣ್ಣುಗಳನ್ನು ಒಂದೇ ಮಾತಿಗೆ ಬೇರೆ ಕಡೆ ತಿರುಗಿಸಬಹುದಿತ್ತು. ಗಂಗರತ್ನಮ್ಮ ಪಿನ್ನನ್ನು ಸೆರಗಿಗೆ ಒರೆಸಿಕೊಂಡಳು.

"ರಸ್ತೆ ಧೂಳು," ಎಂದಳು. "ಜಿಡ್ಡಿಗೆ ಕೂತ್ಕೊಂಡೈತೆ."

ಲಕ್ಷ್ಮಣಪ್ಪ ಮುಚ್ಚಳವನ್ನು ನೋಡಿದ. ಅದರ ಬಣ್ಣ ನೋಡಿದ. ಅವನೇನು ಕುರುಡನಲ್ಲ. "ಹೂಂ, ಧೂಳು ಬೋ ಜಾಸ್ತಿ ಈ ಕಡೆ," ಎಂದು ಹೋಗಿ ಸೀಟಿನಲ್ಲಿ ಕೂತ.

ವ್ಯಾನು ಹೊರಟಿತು. ಪಿಳ್ಳಮ್ಮ ಮಂಚಕ್ಕೆ ಒರಗಿ, ಮುಖವನ್ನು ಕಿಟಕಿಯ ಕಡೆ ಮಾಡಿಕೊಂಡಿದ್ದಳು. ಗೋವಿಂದನ ಹೆಸರು ನಿಂತಿತ್ತು. ಎಂಜಿನ್ನಿನ ಸದ್ದಿಗೆ ಮುಂದೆ ಕೂತವನಿಗೆ ಹಿಂದಿನ ಮಾತು ಕೇಳಿಸುವಂತಿರಲಿಲ್ಲ.

"ಬಂದ್ಮೇಲೆ ನೀನು ಇದ್ರಾಗೇ ಕೂತ್ಕೊ," ಎಂದಳು. "ನಿನ್ ದಿನದಾಗೆ. ಆ ಸಂದು ಬ್ಯಾಡ. ಬಾಗ್ಲಿಲ್ದಿದ್ ಜಾಗ."

ಗಂಗರತ್ನಮ್ಮ ಸ್ಟೌ ಮೇಲಿನ ಪಾತ್ರೆಯನ್ನು ಸರಿಮಾಡಿ ಇಟ್ಟಳು. ಇದು ಕನಿಕರವೋ, ಧೂಳು ಅಂದದ್ದಕ್ಕೆ ಕೊಟ್ಟ ಪ್ರತಿಫಲವೋ, ಇಲ್ಲ ಕಣ್ಣಳತೆಯಲ್ಲಿಟ್ಟುಕೊಳ್ಳುವ ಉಪಾಯವೋ ಎಂದು ಅವಳು ಅಳೆಯುತ್ತಿದ್ದಳು.

"ಶ್ರಾವಣದಾಗೆ ಹನ್ನೆರಡು ದಿನ ಮುಂಚೆ ಆಗಿದ್ಯಲ್ಲ," ಎಂದಳು ಪಿಳ್ಳಮ್ಮ, ಕಣ್ಣು ಮುಚ್ಚಿಕೊಂಡೇ.

"ಹೂಂ ಅತ್ತೆಮ್ಮ."

"ಮೈ ಬಳಲಿದ್ರೆ ಹಂಗಾಯ್ತದೆ."

ಗಂಗರತ್ನಮ್ಮ ಆ ಮುಚ್ಚಿದ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಯಾವ ಬಲೆಯೂ ಕಾಣಲಿಲ್ಲ. ಇಲ್ಲವೇ ಇಲ್ಲ ಎಂದು ನಂಬುವುದಕ್ಕೂ ಆಗಲಿಲ್ಲ.

ವಾಣಿಯಂಬಾಡಿ ದಾಟಿತು. ವ್ಯಾನು ನಿಲ್ಲಲಿಲ್ಲ. ಆಂಬೂರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಪಿಳ್ಳಮ್ಮ ಕುಂಕುಮದ ಭರಣಿ ಹಿಡಿದು ಇಳಿದಳು. ಟ್ಯಾಂಕಿನ ಮುಚ್ಚಳದ ಮುಂದೆ ಬೆರಳು ಚಾಚಿ ನಿಂತಳು. ಬೆರಳು ಗಾಳಿಯಲ್ಲೇ ಉಳಿಯಿತು.

"ಇಲ್ಲಿ ಇಕ್ಕಬೋದಾ?" ಎಂದು ಸೊಸೆಯನ್ನು ಕೇಳಿದಳು. ಹದಿನಾರು ವರ್ಷದಲ್ಲಿ ಅವಳು ಸೊಸೆಯನ್ನು ಏನನ್ನಾದರೂ ಹೀಗೆ ಕೇಳಿದ್ದು ಗಂಗರತ್ನಮ್ಮನಿಗೆ ನೆನಪಿಲ್ಲ.

"ಪಕ್ಕಕ್ಕೆ ಇಕ್ಕಿ ಅತ್ತೆಮ್ಮ."

ಪಿಳ್ಳಮ್ಮ ಒಂದು ಗೇಣು ಸರಿದು ಬೊಟ್ಟಿಟ್ಟಳು. ಮಂಡಿ ಹಿಡಿದುಕೊಂಡು ಒಳಗೆ ಹತ್ತಿದಳು. ಅವಳು ಪೂರ್ತಿ ಒಳಗೆ ಹೋದದ್ದನ್ನು ನೋಡಿಕೊಂಡು ಗಂಗರತ್ನಮ್ಮ ತಾಳಿಯಿಂದ ಪಿನ್ನು ಬಿಚ್ಚಿದಳು. ಮುಚ್ಚಳದ ತೂತಿಗೆ ಒಂದು ಸಲ ಹಾಕಿ ನೋಡಿದಳು. ತೆರೆದೇ ಇತ್ತು.